ಫೇಲಿಕ್ಸನು ಕೊಟ್ಟ ವಾಯಿದೆ

(ಓದತಕ್ಕ ವೇದಭಾಗ: ಅಪೊಸ್ತಲರ ಕೃತ್ಯಗಳು ೨೪ನೆಯ ಅಧ್ಯಾಯ ೨೨ರಿಂದ ೨೭ನೆಯ ವಚನಗಳು, ೨೫ನೆಯ ಅಧ್ಯಾಯ ೧ರಿಂದ ೧೨ನೆಯ ವಚನಗಳು)



ನ್ಯಾಯಾಧಿಪತಿಗಳ ಕರ್ತವ್ಯವನ್ನು ಕುರಿತು ಹಳ್ಳಿಯ ಸಭೆಗಳಿಗೆ ಪ್ರಸಂಗ ಮಾಡುವದೇಕೆಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನಮ್ಮ ಶಿಕಾರಿಪುರ ಸೊರಬ ಸೀಮೆಯ ಸಭೆಗಳಲ್ಲಿ ನ್ಯಾಯಾಸನದ ಮೇಲೆ ಕುಳಿತವರಿಗಿಂತ ಅದರ ಮುಂದೆ ಕೈಕಟ್ಟಿ ನಿಂತವರೇ ಹೆಚ್ಚು. ಆದರೂ ಸತ್ಯವೇದದಲ್ಲಿ ನ್ಯಾಯಾಧಿಪತಿಗಳಿಗೆ ಕೊಟ್ಟ ಆಜ್ಞೆಗಳು ಅವರ ಕೈಗೆ ಮಾತ್ರ ಗುಟ್ಟಾಗಿ ಕೊಡಲ್ಪಟ್ಟವುಗಳಲ್ಲ. ಎಲ್ಲಾ ಜನರ ಕಿವಿಗೆ ಬೀಳುವಂತೆ ಓದಲ್ಪಟ್ಟವುಗಳು. ಬಡವನು ತನಗೆ ಸಲ್ಲತಕ್ಕದ್ದು ಏನೆಂದು ತಿಳಿದಿರಬೇಕು. ಇದಲ್ಲದೆ ಮನೆಯ ಯಜಮಾನನೂ ಸಭೆಯ ಹಿರಿಯನೂ ಊರ ಪಂಚರೂ ಒಂದಲ್ಲ ಒಂದು ದಿನ ಇಬ್ಬರ ನಡುವೆ ಕುಳಿತು ತೀರ್ಪು ಹೇಳಬೇಕಾದವರೇ. ಆದಕಾರಣ ಇದು ನಮ್ಮೆಲ್ಲರಿಗೂ ಸೇರಿದ ಮಾತಾಗಿದೆ.

ಕೈಸರೈಯ ಪಟ್ಟಣದಲ್ಲಿ ಪೌಲನ ಮೊಕದ್ದಮೆಯನ್ನು ಒಬ್ಬರಾದ ಮೇಲೊಬ್ಬರಂತೆ ಇಬ್ಬರು ದೇಶಾಧಿಪತಿಗಳು ವಿಚಾರಿಸಿದರು. ಮೊದಲನೆಯವನಾದ ಫೇಲಿಕ್ಸನು ತಡಮಾಡಿ ಅನ್ಯಾಯಮಾಡಿದನು. ಎರಡನೆಯವನಾದ ಫೆಸ್ತನು ತಡಮಾಡಲಿಲ್ಲ. ಆದರೂ ನ್ಯಾಯವನ್ನು ನಡಿಸಲಿಲ್ಲ. ಇವರಿಬ್ಬರನ್ನೂ ನೋಡಿ ನ್ಯಾಯಾಸನಕ್ಕೆ ಬೇಕಾದ ಎರಡು ಗುಣಗಳನ್ನು, ಅಂದರೆ ವಿಳಂಬವಿಲ್ಲದಿರುವಿಕೆಯನ್ನೂ ಪಕ್ಷಪಾತವಿಲ್ಲದಿರುವಿಕೆಯನ್ನೂ, ಕಲಿತುಕೊಳ್ಳೋಣ.

೧. ತಡಮಾಡಿದ ನ್ಯಾಯಾಧಿಪತಿ

ಪೌಲನು ಯೆರೂಸಲೇಮಿನಿಂದ ರಾತ್ರಿಯಲ್ಲಿ ಕಾವಲಿನೊಡನೆ ಕಳುಹಿಸಲ್ಪಟ್ಟನು. ಐದು ದಿನಗಳಾದ ಮೇಲೆ ಮಹಾಯಾಜಕನು ವಕೀಲನಾದ ತೆರ್ತುಲ್ಲನೊಡನೆ ಬಂದು ಫಿರ್ಯಾದು ಹೇಳಿದನು. ಪೌಲನು ಅಂದೇ ಪ್ರತ್ಯುತ್ತರ ಕೊಟ್ಟನು. ಇಲ್ಲಿಯ ವರೆಗೆ ಎಲ್ಲವೂ ಸರಿಯಾಗಿ ನಡೆಯಿತು. ಉಭಯಪಕ್ಷದವರೂ ಮುಖಾಮುಖಿಯಾಗಿ ನಿಂತರು, ಮಾತುಗಳು ಮುಗಿದವು, ತೀರ್ಪು ಮಾತ್ರ ಉಳಿಯಿತು. ಆಗ ಫೇಲಿಕ್ಸನು ವಾಯಿದೆ ಕೊಟ್ಟನು. ಸಹಸ್ರಾಧಿಪತಿಯಾದ ಲೂಸ್ಯನು ಬಂದಾಗ ತೀರ್ಮಾನಿಸುವೆನೆಂದು ಹೇಳಿದನು.

ಇದನ್ನು ಕೇಳಿದವನಿಗೆ ಅದು ನ್ಯಾಯವಾದ ಕಾರಣವೆಂದೇ ತೋರೀತು. ಸಾಕ್ಷಿಯು ಬರಲಿ ಎನ್ನುವದು ತಪ್ಪೇ? ಆದರೆ ಹಿಂದಿನ ಅಧ್ಯಾಯವನ್ನು ತೆಗೆದು ಓದಿರಿ. ಲೂಸ್ಯನ ಪತ್ರವು ಆಗಲೇ ಫೇಲಿಕ್ಸನ ಕೈಯಲ್ಲಿತ್ತು. ಈ ಮನುಷ್ಯನಲ್ಲಿ ಮರಣಕ್ಕಾಗಲಿ ಬೇಡಿಗಾಗಲಿ ಯೋಗ್ಯವಾದ ಅಪರಾಧ ಕಾಣಲಿಲ್ಲವೆಂದು ಲೂಸ್ಯನು ಅದರಲ್ಲಿ ಬರೆದಿದ್ದನು. ಸಾಕ್ಷಿಯ ಮಾತು ಕೈಯಲ್ಲಿರುವಾಗ ಸಾಕ್ಷಿಗೋಸ್ಕರ ಕಾಯುತ್ತೇನೆಂಬದು ವಿಚಾರಣೆಯಲ್ಲ, ನೆವ. ಲೂಸ್ಯನು ಬಂದನೆಂದು ಲೂಕನು ಎಲ್ಲಿಯೂ ಬರೆಯುವದಿಲ್ಲ. ಎರಡು ವರುಷಗಳು ಕಳೆದವೆಂದು ಬರೆಯುತ್ತಾನೆ.

ಆ ಎರಡು ವರುಷಗಳ ಗುಟ್ಟನ್ನೂ ಪವಿತ್ರಾತ್ಮನು ಮುಚ್ಚಿಡಲಿಲ್ಲ. ಪೌಲನು ತನ್ನ ಜನರಿಗೆ ಧರ್ಮದ ಹಣವನ್ನು ತಂದಿದ್ದನೆಂದು ಫೇಲಿಕ್ಸನು ಕೇಳಿದ್ದನು. ಅದರಲ್ಲಿ ತನಗೂ ಏನಾದರೂ ದೊರೆತೀತೆಂದು ಅವನನ್ನು ಪದೇ ಪದೇ ಕರಿಸಿ ಮಾತಾಡುತ್ತಿದ್ದನು. ಪ್ರಿಯರೇ, ಲಂಚವೂ ವಿಳಂಬವೂ ಒಂದೇ ಮನೆಯ ಮಕ್ಕಳು. ಇಂದೇ ಆಗತಕ್ಕ ಕೆಲಸವನ್ನು ನಾಳೆಗೆ ತಳ್ಳುವವನು ಅನೇಕ ವೇಳೆ ಅದಕ್ಕೆ ಬೆಲೆ ಕಟ್ಟುವವನಾಗಿದ್ದಾನೆ. ನೇರವಾಗಿ ಕೈ ಚಾಚಲು ನಾಚುವವನು ಕಡತವನ್ನು ಚಾಚುತ್ತಾನೆ. ಕೊನೆಗೆ ಅಧಿಕಾರ ಬಿಟ್ಟು ಹೋಗುವಾಗ ಫೇಲಿಕ್ಸನು ಯೆಹೂದ್ಯರ ಮೆಚ್ಚಿಕೆಯನ್ನು ಸಂಪಾದಿಸುವದಕ್ಕಾಗಿ ಪೌಲನನ್ನು ಬೇಡಿಯಲ್ಲೇ ಬಿಟ್ಟುಹೋದನು. ಮೊದಲು ಹಣದ ಆಶೆ, ಆಮೇಲೆ ಜನರ ಮೆಚ್ಚಿಕೆಯ ಆಶೆ. ನಡುವೆ ನಿರಪರಾಧಿಯ ಎರಡು ವರುಷ.

ಇತಿಹಾಸಕಾರರು ಹೇಳುವಂತೆ ಈ ಫೇಲಿಕ್ಸನು ದಾಸತ್ವದಿಂದ ಬಿಡುಗಡೆ ಹೊಂದಿ ಮೇಲೆ ಬಂದವನು. ಪರಾಧೀನನಾಗಿ ಕಾಯುವದು ಎಷ್ಟು ಕಷ್ಟವೆಂಬದು ಅವನಿಗೆ ತಿಳಿದಿರಬೇಕಾಗಿತ್ತು. ಕೆಳಗಿನಿಂದ ಮೇಲೆ ಏರಿದವರೆಲ್ಲರೂ ಕೆಳಗಿರುವವರನ್ನು ನೆನೆಯುವದಿಲ್ಲವೆಂಬದಕ್ಕೆ ಇವನೇ ಸಾಕ್ಷಿ. ನಮ್ಮ ಮಕ್ಕಳನ್ನು ಓದಿಸಿ ಉದ್ಯೋಗಕ್ಕೆ ಕಳುಹಿಸುವ ತಂದೆತಾಯಿಗಳು ಇದನ್ನು ಮನಸ್ಸಿನಲ್ಲಿಡತಕ್ಕದ್ದು.

೨. ವಿಳಂಬದ ಫಲ

ತಡವಾದರೇನು, ಕೊನೆಗೆ ನ್ಯಾಯ ಸಿಕ್ಕಿದರೆ ಸಾಕಲ್ಲವೇ ಎಂದು ಹೇಳುವವರುಂಟು. ನಮ್ಮ ಸೀಮೆಯ ಒಬ್ಬ ರೈತನ ಸ್ಥಿತಿಯನ್ನು ಎಣಿಸಿ ನೋಡಿರಿ. ದಂಡಾವತಿಯ ಬಯಲಲ್ಲಾಗಲಿ ಕುಮುದ್ವತಿಯ ದಡದಲ್ಲಾಗಲಿ ಅವನಿಗೆ ಎರಡು ಎಕರೆ ಭತ್ತದ ಗದ್ದೆ. ನೆರೆಯವನು ಬದುವನ್ನು ಒತ್ತಿ ಉತ್ತಿದ್ದಾನೆ. ವಾಯಿದೆಯ ದಿನ ನಾಟಿಯ ಕೆಲಸ ಬಿಟ್ಟು, ಕೂಲಿ ಕಳಕೊಂಡು, ಸಾಕ್ಷಿಗಳಿಗೆ ಬಸ್ಸಿನ ಖರ್ಚೂ ಊಟದ ಖರ್ಚೂ ಕೊಟ್ಟು ತಾಲ್ಲೂಕಿನ ಕೋರ್ಟಿಗೆ ಬರುತ್ತಾನೆ. ಸಂಜೆಯ ತನಕ ಜಗಲಿಯ ಮೇಲೆ ಕುಳಿತ ಮೇಲೆ ಮುಂದಿನ ತಾರೀಖು ಹೇಳಲ್ಪಡುತ್ತದೆ. ಅಪೀಲಾದರೆ ಮೇಲಣ ಕೋರ್ಟಿಗೆ ಹೋಗಬೇಕು. ಅಲ್ಲಿಂದಲೂ ಮುಂದೆ ಹೋದರೆ ಸೊರಬದಿಂದ ಮುನ್ನೂರು ಕಿಲೋಮೀಟರಿಗೂ ದೂರವಾದ ಬೆಂಗಳೂರಿನ ಉಚ್ಚ ನ್ಯಾಯಾಲಯ. ಇಷ್ಟರೊಳಗೆ ಮುದಿ ಸಾಕ್ಷಿಯು ಸಾಯುತ್ತಾನೆ, ಬದುವಿನ ಗುರುತು ಮಳೆಯಲ್ಲಿ ಕೊಚ್ಚಿಹೋಗುತ್ತದೆ, ಸಾಲಕ್ಕಾಗಿ ಎತ್ತು ಮಾರಲ್ಪಡುತ್ತದೆ. ಕೊನೆಗೆ ಡಿಕ್ರಿಯು ಅವನ ಕಡೆಗೇ ಆದರೂ ಅದನ್ನು ಹಿಡಿಯುವ ಕೈ ಅವನ ಮಗನದಾಗಿರುತ್ತದೆ.

ವಿಳಂಬವು ಇಬ್ಬರಿಗೂ ಸಮನಾದ ಭಾರವಲ್ಲವೆಂಬದನ್ನು ಗಮನಿಸಿರಿ. ಗದ್ದೆಯನ್ನು ಒತ್ತಿಕೊಂಡವನು ವರುಷ ವರುಷವೂ ಬೆಳೆ ಕೊಯ್ಯುತ್ತಾನೆ. ಕಳಕೊಂಡವನು ವರುಷ ವರುಷವೂ ಖರ್ಚು ಕೊಡುತ್ತಾನೆ. ತೀರ್ಪು ಬರೆಯದೆ ಕಡತವನ್ನು ಪಕ್ಕಕ್ಕಿಟ್ಟ ನ್ಯಾಯಾಧಿಪತಿಯು ತಾನು ಇನ್ನೂ ಯಾರ ಪಕ್ಷವನ್ನೂ ಹಿಡಿದಿಲ್ಲವೆಂದು ನೆನಸುತ್ತಾನೆ. ಆದರೆ ಅವನು ಸುಮ್ಮನಿರುವ ಒಂದೊಂದು ದಿನವೂ ಬಲಿಷ್ಠನ ಪಕ್ಷದ ತೀರ್ಪೇ ಆಗಿರುತ್ತದೆ. ಪ್ರಸಂಗಿಯು ೮ನೆಯ ಅಧ್ಯಾಯದ ೧೧ನೆಯ ವಚನದಲ್ಲಿ ಇದನ್ನೇ ಕಂಡನು: ದುಷ್ಕೃತ್ಯಕ್ಕೆ ಬೇಗನೆ ದಂಡನೆಯಾಗದೆ ಹೋದರೆ ಮನುಷ್ಯರ ಹೃದಯವು ಕೆಟ್ಟದ್ದನ್ನು ಮಾಡಲು ಧೈರ್ಯಗೊಳ್ಳುತ್ತದೆ. ಒಬ್ಬನ ಬದು ಒತ್ತಿದ್ದಕ್ಕೆ ಶಿಕ್ಷೆಯಾಗದಿದ್ದರೆ ಮುಂದಿನ ಮಳೆಗಾಲದಲ್ಲಿ ಹತ್ತು ಬದುಗಳು ಸರಿಯುತ್ತವೆ.

ಕೋರ್ಟಿನ ನ್ಯಾಯಾಧೀಶರು ಮಾತ್ರವೇ ನ್ಯಾಯಾಧಿಪತಿಗಳಲ್ಲ. ೧೯೭೪ನೆಯ ಇಸವಿ ಮಾರ್ಚ್ ೧ರಿಂದ ಈ ರಾಜ್ಯದಲ್ಲಿ ಗೇಣಿಯ ಜಮೀನುಗಳು ಸರಕಾರದ ಸ್ವಾಧೀನಕ್ಕೆ ಬಂದವು. ಉಳುವ ಗೇಣಿದಾರರು ೧೯೭೯ನೆಯ ಇಸವಿ ಜೂನ್ ೩೦ರ ಒಳಗಾಗಿ ೭ನೆಯ ನಮೂನೆಯಲ್ಲಿ ಅರ್ಜಿ ಕೊಡಬೇಕಾಗಿತ್ತು. ಆ ಅರ್ಜಿಗಳನ್ನು ವಿಚಾರಿಸಲು ತಾಲ್ಲೂಕುಗಳಲ್ಲಿ ಭೂನ್ಯಾಯಮಂಡಲಿಗಳು ಏರ್ಪಟ್ಟವು. ಅಸಿಸ್ಟೆಂಟ್ ಕಮಿಷನರು ಅಧ್ಯಕ್ಷರು. ಅವರ ಪಕ್ಕದಲ್ಲಿ ಕಾನೂನು ಓದದ ನಾಡಿನವರೂ ಸದಸ್ಯರಾಗಿ ಕುಳಿತರು. ಆಮೇಲೆ ಅಪ್ಪಣೆಯಿಲ್ಲದೆ ಸರಕಾರಿ ಭೂಮಿಯನ್ನು ಸಾಗು ಮಾಡಿದವರ ಬಗರ್ ಹುಕುಂ ಅರ್ಜಿಗಳು ಬಂದವು. ಇವುಗಳನ್ನು ೫೦, ೫೩, ೫೭ ಎಂಬ ನಮೂನೆಗಳ ಹೆಸರಿನಿಂದಲೇ ನಮ್ಮ ಹಳ್ಳಿಗಳಲ್ಲಿ ಮಕ್ಕಳೂ ಬಲ್ಲರು. ಇವುಗಳ ಸಮಿತಿಗೆ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿಗಳು. ಕಪ್ಪು ನಿಲುವಂಗಿಯಿಲ್ಲದಿದ್ದರೂ ಇವರೆಲ್ಲರೂ ಇನ್ನೊಬ್ಬನ ಅನ್ನವನ್ನು ಕುರಿತು ತೀರ್ಪು ಹೇಳುವವರು. ಅರ್ಜಿಯನ್ನು ಮಂಜೂರು ಮಾಡುವದೂ ವಜಾ ಮಾಡುವದೂ ಅವರ ಹಕ್ಕು. ಆದರೆ ಎರಡನ್ನೂ ಮಾಡದೆ ಕಪಾಟಿನಲ್ಲಿ ಇಟ್ಟು ಒಬ್ಬನ ತಲೆಕೂದಲು ನೆರೆಯುವಂತೆ ಮಾಡುವ ಹಕ್ಕು ಯಾರಿಗೂ ದೇವರಿಂದ ಕೊಡಲ್ಪಟ್ಟಿಲ್ಲ.

ಅರಣ್ಯಕಾಂಡದ ೨೭ನೆಯ ಅಧ್ಯಾಯವನ್ನು ಇದಕ್ಕೆ ಹೋಲಿಸಿರಿ. ಚೆಲೋಫಹಾದನ ಐದು ಮಂದಿ ಹೆಣ್ಣುಮಕ್ಕಳು ತಂದೆಯ ಸ್ವಾಸ್ತ್ಯವನ್ನು ಕೇಳಿಕೊಂಡು ಮೋಶೆಯ ಮುಂದೆ ನಿಂತರು. ಅಂಥ ಮೊಕದ್ದಮೆ ಹಿಂದೆ ಎಂದೂ ಬಂದಿರಲಿಲ್ಲ, ಕಾನೂನಿನಲ್ಲಿ ಉತ್ತರವಿರಲಿಲ್ಲ. ತನಗೆ ತಿಳಿಯದೆಂದು ಮೋಶೆಯು ಅವರನ್ನು ಹಿಂದಕ್ಕೆ ಕಳುಹಿಸಲಿಲ್ಲ, ಇನ್ನೊಂದು ದಿನ ಬನ್ನಿರೆನ್ನಲಿಲ್ಲ. ಅವರ ವ್ಯಾಜ್ಯವನ್ನು ನೇರವಾಗಿ ಯೆಹೋವನ ಸನ್ನಿಧಿಗೆ ತಂದನು. ಆ ಹೆಣ್ಣುಮಕ್ಕಳು ಹೇಳುವದು ಸರಿಯೆಂದು ದೇವರು ತೀರ್ಪು ಕೊಟ್ಟನು.

೩. ಬೇಗ ಮಾಡಿದರೂ ಓರೆಯಾದ ನ್ಯಾಯ

ಫೇಲಿಕ್ಸನ ಸ್ಥಾನಕ್ಕೆ ಫೆಸ್ತನು ಬಂದನು. ಇವನು ಚುರುಕಾದವನು. ದೇಶಕ್ಕೆ ಬಂದ ಮೂರು ದಿನಕ್ಕೆ ಯೆರೂಸಲೇಮಿಗೆ ಹೋದನು. ಎಂಟು ಹತ್ತು ದಿನ ಅಲ್ಲಿದ್ದು ಹಿಂತಿರುಗಿದ ಮರುದಿನವೇ ನ್ಯಾಯಾಸನದ ಮೇಲೆ ಕುಳಿತು ಪೌಲನನ್ನು ಕರಿಸಿದನು. ತಾನು ತಡಮಾಡಲಿಲ್ಲವೆಂದು ಆಮೇಲೆ ಅರಸನಾದ ಅಗ್ರಿಪ್ಪನ ಮುಂದೆ ಹೇಳಿಕೊಂಡನು, ಅದು ನಿಜವೇ. ಆದರೆ ದೋಷಾರೋಪಣೆಗಳು ರುಜುವಾಗಲಿಲ್ಲವೆಂದು ಕಂಡ ಮೇಲೆ ಬಿಡುಗಡೆಮಾಡುವದಕ್ಕೆ ಬದಲಾಗಿ ಯೆಹೂದ್ಯರ ದಯೆಯನ್ನು ಸಂಪಾದಿಸಲು ಮನಸ್ಸುಮಾಡಿ, ಯೆರೂಸಲೇಮಿಗೆ ಬರುತ್ತೀಯಾ ಎಂದು ಪೌಲನನ್ನು ಕೇಳಿದನು. ಆ ದಾರಿಯಲ್ಲಿ ಅವನನ್ನು ಕೊಲ್ಲಲು ಹೊಂಚುಹಾಕುವ ಜನರಿದ್ದರು. ಹೀಗಿರಲಾಗಿ ಪೌಲನು ಚಕ್ರವರ್ತಿಗೆ ಅಪೀಲು ಹೇಳಿಕೊಳ್ಳದೆ ಬೇರೆ ಮಾರ್ಗವಿರಲಿಲ್ಲ.

ಬೇಗನೆ ನಡೆಯುವದು ಒಳ್ಳೆಯದು, ಆದರೆ ಅದು ತಾನಾಗಿ ನ್ಯಾಯವಲ್ಲ. ತಕ್ಕಡಿಯು ಬೇಗನೆ ನಿಂತರೆ ಸಾಲದು, ನೆಟ್ಟಗೆ ನಿಲ್ಲಬೇಕು. ನಿಕೊದೇಮನು ತನ್ನ ಜೊತೆಯ ಅಧಿಕಾರಿಗಳಿಗೆ ನೆನಪುಮಾಡಿದ ಮಾತು ಇದೇ: ಮನುಷ್ಯನ ಮಾತನ್ನು ಕೇಳದೆ ಅವನ ಕೃತ್ಯವನ್ನು ತಿಳಿಯದೆ ಅವನನ್ನು ಅಪರಾಧಿಯೆನ್ನುವದು ಧರ್ಮವಲ್ಲ. ನಮ್ಮ ಕರ್ತನನ್ನು ಒಂದು ರಾತ್ರಿಯಲ್ಲಿ ಹಿಡಿದು, ಬೆಳಗಾಗುವಷ್ಟರಲ್ಲಿ ಸಭೆಕೂಡಿಸಿ, ಮಧ್ಯಾಹ್ನದೊಳಗೆ ಶಿಲುಬೆಗೆ ಏರಿಸಿದರು. ಅಲ್ಲಿ ತಡವಾಗಲಿಲ್ಲ, ನ್ಯಾಯವೂ ಆಗಲಿಲ್ಲ.

ಈ ವಿಷಯದಲ್ಲಿ ನಮ್ಮ ಸೀಮೆಯಲ್ಲೇ ನಡೆದ ಒಂದು ಸಂಗತಿಯನ್ನು ನೆನೆಯುವದು ಯುಕ್ತವಾಗಿದೆ. ಶಿಕಾರಿಪುರ ತಾಲ್ಲೂಕಿನ ಈಸೂರು ಗ್ರಾಮದವರು ೧೯೪೨ರಲ್ಲಿ ತಮ್ಮ ಊರನ್ನು ಸ್ವತಂತ್ರವೆಂದು ಸಾರಿಕೊಂಡರು. ಆ ವರುಷದ ಸೆಪ್ಟೆಂಬರ್ ತಿಂಗಳಲ್ಲಿ ನಡೆದ ಗಲಭೆಯಲ್ಲಿ ಅಮಲ್ದಾರರೂ ಒಬ್ಬ ಪೊಲೀಸ್ ಅಧಿಕಾರಿಯೂ ಕೊಲ್ಲಲ್ಪಟ್ಟರು. ಅನೇಕರು ವಿಚಾರಣೆಗೆ ಗುರಿಯಾದರು. ೧೯೪೩ನೆಯ ಇಸವಿ ಮಾರ್ಚ್ ತಿಂಗಳಲ್ಲಿ, ಅಂದರೆ ಆರು ತಿಂಗಳು ತುಂಬುವದಕ್ಕೆ ಮುಂಚೆಯೇ, ಐದು ಮಂದಿ ಗಲ್ಲಿಗೇರಿಸಲ್ಪಟ್ಟರು. ನಾಲ್ಕೂವರೆ ವರುಷದ ಮೇಲೆ ದೇಶವು ಸ್ವತಂತ್ರವಾಯಿತು. ಆ ಐವರನ್ನು ಇಂದು ನಾಡೆಲ್ಲಾ ಹುತಾತ್ಮರೆಂದು ನೆನೆಯುತ್ತದೆ.

ಆ ತೀರ್ಪಿನ ಗುಣದೋಷಗಳನ್ನು ತೂಗುವದು ಈ ಪ್ರಸಂಗದ ಕೆಲಸವಲ್ಲ. ಕೊಲೆಯಾದ ಅಧಿಕಾರಿಗಳಿಗೂ ಹೆಂಡಿರು ಮಕ್ಕಳಿದ್ದ ಮನೆಗಳಿದ್ದವು. ಅವರ ರಕ್ತವೂ ನ್ಯಾಯವನ್ನು ಕೇಳಿತು. ಆದರೆ ಇಂಥ ಮೊಕದ್ದಮೆಯಲ್ಲಿ ನ್ಯಾಯಾಧಿಪತಿಯ ಸ್ಥಿತಿ ಎಷ್ಟು ಭಯಂಕರವೆಂಬದನ್ನು ಯೋಚಿಸಿರಿ. ಸಾವಿರ ಜನರ ಗುಂಪಿನಲ್ಲಿ ಹೊಡೆದವನು ಯಾರು, ತಡೆಯಲು ಹೋದವನು ಯಾರು, ಸುಮ್ಮನೆ ನಿಂತವನು ಯಾರು ಎಂದು ಬೇರ್ಪಡಿಸಬೇಕು. ತನಗೆ ಸಂಬಳ ಕೊಡುವ ಸರಕಾರವೇ ಗಾಯಪಟ್ಟು ಎದುರಿಗೆ ನಿಂತಿರುತ್ತದೆ. ಅಲ್ಲಿ ಸರಕಾರದ ಕೋಪವನ್ನಾಗಲಿ ಜನರ ಜಯಘೋಷವನ್ನಾಗಲಿ ಕಿವಿಗೆ ಹಾಕಿಕೊಳ್ಳದೆ ಸಾಕ್ಷಿಯನ್ನು ಮಾತ್ರ ಕೇಳತಕ್ಕದ್ದು. ಯಾಕಂದರೆ ತಪ್ಪಾಗಿ ತೆಗೆದುಕೊಂಡ ಜಮೀನನ್ನು ಹಿಂದಕ್ಕೆ ಕೊಡಬಹುದು. ಪ್ರಾಣವನ್ನು ಹಿಂದಕ್ಕೆ ಕೊಡುವ ನ್ಯಾಯಾಲಯವು ಭೂಮಿಯ ಮೇಲೆ ಇಲ್ಲ. ಆದಕಾರಣವೇ ಮೋಶೆಯ ಧರ್ಮಶಾಸ್ತ್ರವು ಮರಣದಂಡನೆಗೆ ಇಬ್ಬರು ಮೂವರು ಸಾಕ್ಷಿಗಳನ್ನು ಬೇಡಿತು, ಚೆನ್ನಾಗಿ ವಿಚಾರಿಸಿ ಪರೀಕ್ಷಿಸಬೇಕೆಂದು ಮತ್ತೆ ಮತ್ತೆ ಒತ್ತಿ ಹೇಳಿತು.

೪. ನ್ಯಾಯಾಸನದ ಮೇಲಿರುವವರ ಋಣ

ಹಾಗಾದರೆ ನ್ಯಾಯಾಧಿಪತಿಯು ಏನನ್ನು ಮಾಡತಕ್ಕವನು? ಅರಸನಾದ ಯೆಹೋಷಾಫಾಟನು ಕೋಟೆಯುಳ್ಳ ಪಟ್ಟಣಗಳಲ್ಲಿ ನ್ಯಾಯಾಧಿಪತಿಗಳನ್ನು ನೇಮಿಸಿದಾಗ, ನೀವು ನ್ಯಾಯ ತೀರಿಸುವದು ಮನುಷ್ಯರಿಗೋಸ್ಕರವಲ್ಲ, ಯೆಹೋವನಿಗೋಸ್ಕರ ಎಂಬ ಅರ್ಥವುಳ್ಳ ಬುದ್ಧಿಮಾತನ್ನು ಹೇಳಿದನು (೨ ಪೂರ್ವಕಾಲವೃತ್ತಾಂತ ೧೯). ಇದು ಎಲ್ಲಾ ಕರ್ತವ್ಯಗಳ ಬೇರು. ಆ ಬೇರಿನಿಂದ ಹೊರಟ ಕೊಂಬೆಗಳನ್ನು ಧರ್ಮಶಾಸ್ತ್ರದಲ್ಲಿ ಕಾಣುತ್ತೇವೆ. ಸ್ವದೇಶದವನೆಂದೂ ಪರದೇಶದವನೆಂದೂ ಭೇದಮಾಡಬಾರದು. ಲಂಚವನ್ನು ಮುಟ್ಟಬಾರದು, ಅದು ಕಣ್ಣುಳ್ಳವನನ್ನೂ ಕುರುಡನನ್ನಾಗಿ ಮಾಡುತ್ತದೆ. ದೊಡ್ಡವನ ಮುಖ ನೋಡಬಾರದು. ಬಡವನೆಂಬ ಕಾರಣಕ್ಕಾಗಿ ಬಡವನ ಕಡೆಗೂ ವಾಲಬಾರದು. ಈ ಕಡೆಯ ಮಾತು ಯಾಜಕಕಾಂಡದ ೧೯ನೆಯ ಅಧ್ಯಾಯದಲ್ಲಿದೆ. ಬಡವರಾದ ನಾವು ಅದನ್ನು ಮರೆಯಬಾರದು. ನಾವು ಕೋರ್ಟಿನಿಂದ ಕೇಳತಕ್ಕದ್ದು ಕನಿಕರವನ್ನಲ್ಲ, ನ್ಯಾಯವನ್ನು.

ದೇವರು ಈ ಧರ್ಮವನ್ನು ಬರೆದ ಪುಸ್ತಕದಲ್ಲಿ ಮಾತ್ರವಲ್ಲ, ಮನುಷ್ಯರ ಹೃದಯದಲ್ಲಿಯೂ ಬರೆದಿದ್ದಾನೆಂದು ಪೌಲನು ರೋಮಾಪುರದವರಿಗೆ ತಿಳಿಸುತ್ತಾನೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿಯೂ ಸೊರಬ ತಾಲ್ಲೂಕಿನ ಅನೇಕ ಗ್ರಾಮಗಳಲ್ಲಿಯೂ ನಿಂತಿರುವ ಶಿಲಾಶಾಸನಗಳು ಇದಕ್ಕೆ ಸಾಕ್ಷಿ. ರೈಸ್ ಸಾಹೇಬರು ಇವುಗಳನ್ನು ಸಂಗ್ರಹಿಸಿ ೧೯೦೨ರಲ್ಲಿಯೂ ೧೯೦೪ರಲ್ಲಿಯೂ ಅಚ್ಚುಹಾಕಿಸಿದರು. ದತ್ತಿಯಾಗಿ ಕೊಟ್ಟ ಭೂಮಿಯನ್ನು ಅಪಹರಿಸುವವನಿಗೆ ಘೋರವಾದ ಶಾಪವನ್ನು ಹಾಕಿ ಅನೇಕ ಶಾಸನಗಳು ಮುಗಿಯುತ್ತವೆ. ಗಡಿಯ ಕಲ್ಲನ್ನು ಸರಿಸುವವನಿಗೂ, ಪರದೇಶಿ ಅನಾಥ ವಿಧವೆಯರ ನ್ಯಾಯವನ್ನು ತಿರುಗಿಸುವವನಿಗೂ ಧರ್ಮೋಪದೇಶಕಾಂಡದ ೨೭ನೆಯ ಅಧ್ಯಾಯದಲ್ಲಿ ಶಾಪವಿದೆಯಲ್ಲವೇ? ಬಳ್ಳಿಗಾವೆಯು ಚಾಲುಕ್ಯರ ಕೈಕೆಳಗೆ ಪ್ರಖ್ಯಾತವಾಗಿದ್ದ ಕಾಲದಲ್ಲೇ, ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ, ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರವೆಂಬ ಗ್ರಂಥವನ್ನು ರಚಿಸಿ, ವ್ಯಾಜ್ಯಗಳನ್ನು ವಿಚಾರಿಸುವ ಕ್ರಮವನ್ನು ವಿವರಿಸಿದನು. ನ್ಯಾಯದ ಹಸಿವು ಈ ಮಣ್ಣಿಗೆ ಹೊಸದಲ್ಲ.

ನಮ್ಮ ಕಾಲದಲ್ಲಿಯೂ ನ್ಯಾಯಾಧಿಪತಿಗಳು ತಮ್ಮ ಧರ್ಮವನ್ನು ತಾವೇ ಬರೆದಿಟ್ಟುಕೊಂಡಿದ್ದಾರೆ. ೨೦೦೧ನೆಯ ಇಸವಿ ಫೆಬ್ರವರಿ ತಿಂಗಳಲ್ಲಿ ಅನೇಕ ದೇಶಗಳ ನ್ಯಾಯಮೂರ್ತಿಗಳು ನಮ್ಮ ಬೆಂಗಳೂರಿನಲ್ಲಿಯೇ ಸೇರಿ ನ್ಯಾಯಾಧೀಶರ ನಡತೆಯ ತತ್ವಗಳ ಕರಡನ್ನು ಸಿದ್ಧಪಡಿಸಿದರು. ೨೦೦೨ರಲ್ಲಿ ಹೇಗ್ ಪಟ್ಟಣದಲ್ಲಿ ಅದು ತಿದ್ದಲ್ಪಟ್ಟು ಸ್ಥಿರವಾಯಿತು. ಲೋಕದ ನಾನಾ ದೇಶಗಳಲ್ಲಿ ಬೆಂಗಳೂರು ತತ್ವಗಳೆಂಬ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಸ್ವಾತಂತ್ರ್ಯ, ನಿಷ್ಪಕ್ಷಪಾತ, ಪ್ರಾಮಾಣಿಕತೆ, ಔಚಿತ್ಯ, ಸಮಾನತೆ, ಸಾಮರ್ಥ್ಯದೊಡನೆ ಕೂಡಿದ ಶ್ರದ್ಧೆ ಎಂಬ ಆರು ಗುಣಗಳು ಅದರಲ್ಲಿ ಹೇಳಲ್ಪಟ್ಟಿವೆ. ಕಡೆಯ ಗುಣದ ಕೆಳಗೆ, ವಿಚಾರಣೆ ಮುಗಿದು ಕಾದಿರಿಸಿದ ತೀರ್ಪನ್ನೂ ತಕ್ಕ ಶೀಘ್ರತೆಯಿಂದ ಹೇಳುವದು ನ್ಯಾಯಾಧೀಶನ ಕರ್ತವ್ಯವೆಂದು ಎಣಿಸಲ್ಪಟ್ಟಿದೆ. ಫೇಲಿಕ್ಸನ ದೋಷವೇ ಇಲ್ಲಿ ಬೆರಳಿಟ್ಟು ತೋರಿಸಲ್ಪಟ್ಟಂತಾಯಿತು.

ದೇಶದ ಕಾನೂನೂ ಇದನ್ನೇ ಹೇಳುತ್ತದೆ. ಸಿವಿಲ್ ದಾವೆಯಲ್ಲಿ ವಾದ ಮುಗಿದ ಮೇಲೆ ಸಾಮಾನ್ಯವಾಗಿ ೩೦ ದಿನಗಳೊಳಗೆ, ವಿಶೇಷ ಕಾರಣವಿದ್ದರೂ ೬೦ ದಿನಗಳೊಳಗೆ ತೀರ್ಪು ಹೇಳತಕ್ಕದ್ದು. ವಿಚಾರಣೆಯಲ್ಲಿ ಒಂದು ಪಕ್ಷಕ್ಕೆ ಮೂರಕ್ಕಿಂತ ಹೆಚ್ಚು ವಾಯಿದೆಗಳನ್ನು ಸುಮ್ಮನೆ ಕೊಡಬಾರದು. ವಿಚಾರಣೆಯಿಲ್ಲದೆ ವರುಷಗಟ್ಟಲೆ ಸೆರೆಯಲ್ಲಿದ್ದ ಬಿಹಾರದ ಬಡವರ ಮೊಕದ್ದಮೆಯಲ್ಲಿ, ಶೀಘ್ರ ವಿಚಾರಣೆಯು ಮನುಷ್ಯನ ಜೀವದ ಹಕ್ಕಿಗೆ ಸೇರಿದ್ದೆಂದು ಸರ್ವೋಚ್ಚ ನ್ಯಾಯಾಲಯವು ೧೯೭೯ರಲ್ಲಿ ತೀರ್ಮಾನಿಸಿತು. ಬೇಡಿಯಲ್ಲಿ ಎರಡು ವರುಷ ಕಳೆದ ಪೌಲನಿಗೆ ಹೇಳಲು ಯಾರೂ ಇಲ್ಲದ ಮಾತು ಇಂದು ನಮ್ಮ ದೇಶದ ಧರ್ಮವಾಗಿದೆ.

ಆದರೆ ನಾವು ನ್ಯಾಯಾಧಿಪತಿಗಳ ಮೇಲೆಯೇ ಎಲ್ಲಾ ಹೊರೆಯನ್ನೂ ಹೊರಿಸಿದರೆ ಅದು ಸಹ ಅನ್ಯಾಯವಾದೀತು. ದೇಶದ ಕೆಳಗಣ ನ್ಯಾಯಾಲಯಗಳಲ್ಲಿ ನಾಲ್ಕು ಕೋಟಿಗೂ ಹೆಚ್ಚು ಮೊಕದ್ದಮೆಗಳು ಕಾದಿವೆ. ಹತ್ತು ಲಕ್ಷ ಜನರಿಗೆ ಐವತ್ತು ನ್ಯಾಯಾಧೀಶರಾದರೂ ಬೇಕೆಂದು ಕಾನೂನು ಆಯೋಗವು ೧೯೮೭ರಲ್ಲಿ ಹೇಳಿತು. ಇಂದಿಗೂ ಅದರ ಅರ್ಧವೂ ತುಂಬಲಿಲ್ಲ. ಮೋಶೆಯು ಬೆಳಗಿನಿಂದ ಸಾಯಂಕಾಲದ ತನಕ ಒಬ್ಬನೇ ಕುಳಿತು ನ್ಯಾಯ ತೀರಿಸುವದನ್ನು ಮಾವನಾದ ಇತ್ರೋನನು ನೋಡಿ, ನೀನೂ ಬಳಲುವಿ, ನಿನ್ನ ಜನರೂ ಬಳಲುವರು ಎಂಬ ಭಾವದಿಂದ ಎಚ್ಚರಿಸಿದನು. ಮೋಶೆಯು ಪ್ರಾಮಾಣಿಕನೇ, ಆದರೂ ಪ್ರಾಮಾಣಿಕನೊಬ್ಬನ ಮುಂದೆ ಜನರು ಸಾಲುಗಟ್ಟಿ ನಿಲ್ಲುವದು ನ್ಯಾಯವಾಗಲಿಲ್ಲ. ದೇವರಿಗೆ ಭಯಪಡುವ, ಲಂಚವನ್ನು ಹಗೆಮಾಡುವ ಸಮರ್ಥರನ್ನು ಸಾವಿರ, ನೂರು, ಐವತ್ತು, ಹತ್ತು ಜನರ ಮೇಲೆ ನೇಮಿಸಬೇಕೆಂಬ ಇತ್ರೋನನ ಮಾತು ಇಂದಿನ ಸರಕಾರಗಳಿಗೂ ಸಲ್ಲತಕ್ಕ ಮಾತೇ. ಬೇಕಾದಷ್ಟು ನ್ಯಾಯಾಧಿಪತಿಗಳನ್ನು ನೇಮಿಸದಿರುವದು ಆಳುವವರ ವಿಳಂಬ. ಅದಕ್ಕೂ ದೇವರಿಗೆ ಲೆಕ್ಕ ಒಪ್ಪಿಸಬೇಕು.

೫. ನಮ್ಮ ಮನೆಯ ನ್ಯಾಯಾಸನ

ಈಗ ಮಾತು ನಮ್ಮ ಅಂಗಳಕ್ಕೆ ಬರಲಿ. ತಂದೆಯು ತೀರಿಹೋದ ಮೇಲೆ ಗದ್ದೆಯೂ ಮನೆಯೂ ಯಾರಿಗೆ? ೧೯೨೫ನೆಯ ಇಸವಿಯ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ಉಯಿಲು ಬರೆಯದೆ ಸತ್ತ ಕ್ರೈಸ್ತನ ಆಸ್ತಿಯಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಭಾಗವುಂಟು. ಆದರೂ ನಮ್ಮ ಎಷ್ಟೋ ಮನೆಗಳಲ್ಲಿ ತಂಗಿಯು ಪಾಲು ಕೇಳಿದರೆ ಅಣ್ಣನು ಏನು ಹೇಳುತ್ತಾನೆ? ಕೊಡುವದಿಲ್ಲವೆಂದು ಹೇಳುವದಿಲ್ಲ. ಅಡಿಕೆ ಮಾರಾಟವಾಗಲಿ, ಈ ಸಾಲ ತೀರಲಿ, ದೊಡ್ಡಪ್ಪನು ಊರಿನಿಂದ ಬರಲಿ ಎನ್ನುತ್ತಾನೆ. ಇದು ಫೇಲಿಕ್ಸನ ವಾಯಿದೆ. ದೊಡ್ಡಪ್ಪನೇ ಆ ಲೂಸ್ಯನು. ಹಿರಿಯರು ಇದನ್ನು ಕಂಡೂ ಎರಡು ಕಡೆಯವರಿಗೂ ಬೇಸರವಾಗಬಾರದೆಂದು ಸುಮ್ಮನಿರುತ್ತಾರೆ. ಆ ಹೆಣ್ಣುಮಗಳು ಕೋರ್ಟಿನ ಮೆಟ್ಟಲು ಹತ್ತಿದರೆ, ಸಹೋದರರು ಸಹೋದರರ ಮೇಲೆ ವ್ಯಾಜ್ಯಕ್ಕೆ ಹೋಗಬಾರದೆಂದು ಕೊರಿಂಥದವರಿಗೆ ಬರೆದ ಪತ್ರಿಕೆಯ ೬ನೆಯ ಅಧ್ಯಾಯವನ್ನು ಅವಳಿಗೆ ಓದಿ ಹೇಳುತ್ತಾರೆ. ಆದರೆ ಆ ಅಧ್ಯಾಯದಲ್ಲಿಯೇ ಪೌಲನು, ನಿಮ್ಮ ನಡುವೆ ತೀರ್ಪು ಹೇಳಬಲ್ಲ ಬುದ್ಧಿವಂತನು ಒಬ್ಬನಾದರೂ ಇಲ್ಲವೇ ಎಂದು ಸಭೆಯನ್ನೇ ನಾಚಿಸುತ್ತಾನೆ. ತಾವು ನ್ಯಾಯ ಕೊಡದವರು ಇನ್ನೊಬ್ಬರಲ್ಲಿ ಅದನ್ನು ಕೇಳುವವಳನ್ನು ಗದರಿಸಬಾರದು.

ಆದಕಾರಣ ಈ ಕೆಲವು ಮಾತುಗಳನ್ನು ಕೈಕೊಳ್ಳಿರಿ. ನಿಮ್ಮ ಮುಂದೆ ಜಗಳವು ಬಂದರೆ ಇಬ್ಬರ ಮಾತನ್ನೂ ಒಂದೇ ದಿನ, ಒಬ್ಬರ ಎದುರಿಗೆ ಇನ್ನೊಬ್ಬರದನ್ನು ಕೇಳಿರಿ. ಕೇಳಿದ ಮೇಲೆ ತೀರ್ಪಿನ ದಿನವನ್ನು ನೇಮಿಸಿ, ಆ ದಿನವನ್ನು ಮೀರಬೇಡಿರಿ. ತೀರ್ಪಿಗೆ ಮುಂಚೆ ಒಂದು ಪಕ್ಷದವರ ಮನೆಯಲ್ಲಿ ಊಟಮಾಡಬೇಡಿರಿ. ನೀವೇ ವಾದಿ ಪ್ರತಿವಾದಿಗಳಾಗಿದ್ದರೆ, ಎದುರಾಳಿಯನ್ನು ಬಳಲಿಸುವದಕ್ಕಾಗಿ ವಕೀಲರಿಂದ ಸುಮ್ಮನೆ ವಾಯಿದೆ ಕೇಳಿಸಬೇಡಿರಿ. ಅದು ಅವನ ದಿನಗಳನ್ನು ಕದಿಯುವದು. ಸಾಕ್ಷಿಗೆ ಕರೆಬಂದರೆ ತಪ್ಪಿಸಿಕೊಳ್ಳಬೇಡಿರಿ. ನಿಮ್ಮ ಗೈರುಹಾಜರಿಯಿಂದ ಒಬ್ಬನ ಬೇಡಿಯು ಇನ್ನೂ ಮೂರು ತಿಂಗಳು ಉಳಿದೀತು. ಬಡತನದ ನಿಮಿತ್ತ ವಕೀಲರನ್ನು ಹಿಡಿಯಲಾರದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ೧೯೮೭ನೆಯ ಇಸವಿಯ ಕಾಯಿದೆಯಂತೆ ಹೆಂಗಸರಿಗೂ ಮಕ್ಕಳಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಸೆರೆಯಲ್ಲಿರುವವರಿಗೂ ವರಮಾನದ ವಿಚಾರಣೆಯಿಲ್ಲದೆ ಧರ್ಮಾರ್ಥವಾಗಿ ಸಹಾಯ ಸಿಕ್ಕುತ್ತದೆ. ಓದುಬರಹ ಬಲ್ಲ ಯೌವನಸ್ಥರು ನೆರೆಯ ವಿಧವೆಗೆ ಇಂಥ ಅರ್ಜಿಯೊಂದನ್ನು ಬರೆದುಕೊಟ್ಟರೆ ಅದು ಒಂದು ಕೀರ್ತನೆ ಹಾಡುವದಕ್ಕಿಂತ ಕಡಿಮೆಯಾದ ಆರಾಧನೆಯಲ್ಲ.

೬. ಫೇಲಿಕ್ಸನ ಎರಡನೆಯ ವಾಯಿದೆ

ಕಡೆಯದಾಗಿ, ಫೇಲಿಕ್ಸನು ಕೊಟ್ಟ ವಾಯಿದೆ ಒಂದೇ ಅಲ್ಲ, ಎರಡು. ಒಂದು ದಿನ ಅವನು ಹೆಂಡತಿಯಾದ ದ್ರುಸಿಲ್ಲಳೊಡನೆ ಕುಳಿತು ಪೌಲನಿಂದ ಕ್ರಿಸ್ತನ ವಿಷಯವನ್ನು ಕೇಳಿದನು. ಪೌಲನು ಹಣದ ಮಾತೆತ್ತಲಿಲ್ಲ, ತನ್ನ ಬಿಡುಗಡೆಯನ್ನೂ ಬೇಡಲಿಲ್ಲ. ನೀತಿಯನ್ನು, ದಮೆಯನ್ನು, ಬರಲಿರುವ ನ್ಯಾಯವಿಚಾರಣೆಯನ್ನು ಕುರಿತು ಮಾತಾಡಿದನು. ಆಗ ಸೆರೆಯವನು ನ್ಯಾಯಾಧಿಪತಿಯಂತೆಯೂ ನ್ಯಾಯಾಧಿಪತಿಯು ಸೆರೆಯವನಂತೆಯೂ ಆದರು, ಫೇಲಿಕ್ಸನು ನಡುಗಿದನು. ನಡುಗಿ ಏನು ಮಾಡಿದನು? ಸಮಯ ಸಿಕ್ಕಿದಾಗ ಕರಿಸುವೆನೆಂದು ಹೇಳಿ ಅವನನ್ನು ಕಳುಹಿಸಿಬಿಟ್ಟನು. ಪೌಲನ ಮೊಕದ್ದಮೆಯನ್ನು ಮುಂದಕ್ಕೆ ಹಾಕಿದ ನಾಲಿಗೆಯೇ ತನ್ನ ಆತ್ಮದ ಮೊಕದ್ದಮೆಯನ್ನೂ ಮುಂದಕ್ಕೆ ಹಾಕಿತು. ಪರರಿಗೆ ಸಲ್ಲತಕ್ಕದ್ದನ್ನು ತಡೆಯುವದು ರೂಢಿಯಾದವನಿಗೆ ದೇವರಿಗೆ ಸಲ್ಲತಕ್ಕದ್ದನ್ನು ತಡೆಯುವದೂ ರೂಢಿಯಾಗುತ್ತದೆ. ಆ ಸಮಯವು ಅವನಿಗೆ ಸಿಕ್ಕಿತೆಂದು ಸತ್ಯವೇದದ ಯಾವ ಪುಟದಲ್ಲಿಯೂ ಬರೆದಿಲ್ಲ.

ಬಾಂಧವರೇ, ತಂಗಿಯ ಪಾಲನ್ನು ನಾಳೆಗೆಂದು ಇಟ್ಟಿರುವಿರಾ? ನೆರೆಯವನ ಬದುವನ್ನು ಮುಂದಿನ ವರುಷ ಬಿಡುವೆನೆಂದಿರುವಿರಾ? ಪಶ್ಚಾತ್ತಾಪವನ್ನು ಮುಪ್ಪಿಗೆಂದು ಕೂಡಿಟ್ಟಿರುವಿರಾ? ನ್ಯಾಯಾಧಿಪತಿಯು ಬಾಗಿಲಲ್ಲೇ ನಿಂತಿದ್ದಾನೆಂದು ಯಾಕೋಬನು ಎಚ್ಚರಿಸುತ್ತಾನೆ. ಆತನು ವಾಯಿದೆ ಕೇಳುವವನಲ್ಲ, ಮುಖನೋಡುವವನಲ್ಲ. ಆದರೆ ಆತನೇ ಪಿಲಾತನ ಮುಂದೆ ಅನ್ಯಾಯದ ತೀರ್ಪನ್ನು ತನ್ನ ಮೇಲೆ ತೆಗೆದುಕೊಂಡವನು. ಆತನೇ ತಂದೆಯ ಬಳಿಯಲ್ಲಿ ನಮಗೋಸ್ಕರ ಮಾತಾಡುವ ವಕೀಲನು. ನಮ್ಮ ಕಡತವನ್ನು ಇಂದೇ ಆತನ ಕೈಗೆ ಒಪ್ಪಿಸಿ, ನಾವು ತಡೆಹಿಡಿದ ಪರರ ಪಾಲನ್ನೂ ಇಂದೇ ಬಿಟ್ಟುಕೊಡೋಣ.

ಪ್ರಾರ್ಥನೆ: ಸಕಲ ಭೂಲೋಕದ ನ್ಯಾಯಾಧಿಪತಿಯಾದ ತಂದೆಯೇ, ನಮ್ಮ ತಾಲ್ಲೂಕುಗಳಲ್ಲಿಯೂ ಜಿಲ್ಲೆಯಲ್ಲಿಯೂ ನಾಡಿನಲ್ಲಿಯೂ ನ್ಯಾಯಾಸನದ ಮೇಲೆ ಕುಳಿತಿರುವವರಿಗೆ ನಿನ್ನ ಭಯವನ್ನೂ ಬೆಳಕುಳ್ಳ ಕಣ್ಣುಗಳನ್ನೂ ದಣಿಯದ ಕೈಗಳನ್ನೂ ಅನುಗ್ರಹಿಸು. ವಾಯಿದೆಗಳಲ್ಲಿ ಬಳಲುತ್ತಿರುವ ಬಡವರನ್ನೂ, ವಿಚಾರಣೆಯಿಲ್ಲದೆ ಸೆರೆಯಲ್ಲಿರುವವರನ್ನೂ ನೆನಸಿಕೊ. ನಮ್ಮ ಮನೆಗಳಲ್ಲಿಯೂ ಸಭೆಗಳಲ್ಲಿಯೂ ನಾವು ತಡಮಾಡಿದ ನ್ಯಾಯವನ್ನು ಇಂದೇ ನಡಿಸುವ ಹೃದಯವನ್ನು ನಮಗೆ ದಯಪಾಲಿಸು. ನಮ್ಮ ಕರ್ತನಾದ ಯೇಸು ಕ್ರಿಸ್ತನ ಮೂಲಕ ಬೇಡಿಕೊಳ್ಳುತ್ತೇವೆ. ಆಮೆನ್.